ಅಜ್ಜಿ ಕೇಳಿದ್ದರು

ಮಳೆಗೆ ಅರ್ಧ ನೆನೆದು ಬಂದಿದ್ದ ಪತ್ರಿಕೆಯನ್ನು ಇಂದು ಬೆಳಿಗ್ಗೆ ಒಲೆಯ ಬದಿಯಲ್ಲಿ ಒಣಗಿಸಿ ಬಿಡಿಸಿದಾಗ ಒಳಪುಟದಲ್ಲಿ ನಮ್ಮ ಅಜ್ಜಿ ಇದ್ದರು. ವರ್ಷದ ನೆನಪಿನ ಜಾಹೀರಾತು. ಸುತ್ತ ಕಪ್ಪು ಗೆರೆ, ಎರಡು ಬದಿಗೆ ಎರಡು ದೀಪ, ಕೆಳಗೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಮರಿಮಕ್ಕಳು ಎಂಬ ಸಾಲು. ಭಾವಚಿತ್ರವನ್ನು ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿದ್ದಾರೆ. ಎಡಗಡೆಯ ಮೂಲೆಯಲ್ಲಿ ಯಾರದೋ ಕೋಟಿನ ಭುಜ ಹಾಗೆಯೇ ಉಳಿದುಕೊಂಡಿದೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಹೀಗಿದೆ: ‘ತನಗಾಗಿ ಏನನ್ನೂ ಬಯಸದೆ, ಯಾರಲ್ಲೂ ಏನನ್ನೂ ಕೇಳದೆ, ಕುಟುಂಬಕ್ಕಾಗಿ ಬದುಕಿದ ತ್ಯಾಗಮಯಿ.’

ದುಃಖವಾಗಬೇಕಾಗಿದ್ದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ತಿಥಿಯ ಊಟಕ್ಕೆಂದು ನೆಂಟರಿಷ್ಟರು ಬರುವ ದಿನ ಸಿಟ್ಟು ತೋರಿಸುವಂತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮನೆಯವರು ಓದುತ್ತಾರೆ ಎಂಬುದು ಗೊತ್ತಿದೆ. ಓದಲಿ.

ಯಾರಲ್ಲೂ ಏನನ್ನೂ ಕೇಳದವರು ಎಂದರೆ ಯಾರು? ಕೊಡಗಿನ ಚೇರಂಬಾಣೆಯ ಈ ಮನೆಯಲ್ಲಿ ಒಂದು ರಾತ್ರಿ ತಂಗಿ ಹೋದ ಸ್ನೇಹಿತರಿಗೂ ಗೊತ್ತಿರುವ ಸಂಗತಿಯೆಂದರೆ ನಮ್ಮ ಅಜ್ಜಿ ಕೇಳುತ್ತಿದ್ದರು. ಎಲ್ಲರೂ ಊಟಕ್ಕೆ ಕುಳಿತು, ತಟ್ಟೆಯಿಂದ ಯಾರೂ ಎದ್ದುಹೋಗಲಾರದ ಹೊತ್ತನ್ನು ನೋಡಿಕೊಂಡು, ಕಾರಣ ಸಹಿತ ಕೇಳುತ್ತಿದ್ದರು. ಒಪ್ಪಿಕೊಂಡವರು ಮರೆತರೆ ಯಾವ ವಾರ, ಯಾವ ಹಬ್ಬದ ಹಿಂದುಮುಂದು ಒಪ್ಪಿದ್ದು ಎಂಬುದನ್ನೂ ಸೇರಿಸಿ ಮತ್ತೆ ಕೇಳುತ್ತಿದ್ದರು. ‘ಈ ಸಲ ಮಾಡಿಯೇ ಮಾಡುತ್ತೇನೆ’ ಎಂದು ಯಾರಾದರೂ ಹೇಳಿದರೆ, ಅವರ ಉತ್ತರ ಒಂದೇ ಪದದ್ದು: ‘ಗೊತ್ತುಟ್ಟು.’ (ಅಜ್ಜಿ ಆಡುತ್ತಿದ್ದದ್ದು ನಮ್ಮ ಕಡೆಯ ಅರೆಭಾಷೆ; ಗೊತ್ತಿದೆ ಎಂದು ಆ ಪದದ ಅರ್ಥ. ಉಳಿದ ಮಾತುಗಳನ್ನು ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವುಗಳ ಮೊನೆ ಸ್ವಲ್ಪ ಮೊಂಡಾಗುತ್ತದೆ. ಆದರೆ ಈ ‘ಗೊತ್ತುಟ್ಟು’ವಿನಲ್ಲಿದ್ದ ಕಹಿಯನ್ನು ಬೇರೆ ಯಾವ ಭಾಷೆಗೂ ತರಲು ನನ್ನಿಂದಾಗದು.)

ಅಜ್ಜಿ ಈ ಮನೆಗೆ ಬಂದದ್ದು 1956ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ. ಆ ವರ್ಷದ ನವೆಂಬರ್ 1ರಂದು ಕೊಡಗು ಪ್ರತ್ಯೇಕ ರಾಜ್ಯವಾಗಿರುವುದು ನಿಂತು ಮೈಸೂರಿಗೆ ಸೇರಿತು. ‘ಕೊಡಗು ಮೈಸೂರಿಗೆ ಸೇರಿದ ವರ್ಷವೇ ನಾನು ಈ ಮನೆಗೆ ಸೇರಿದ್ದು, ನಮ್ಮಿಬ್ಬರನ್ನೂ ಯಾರೂ ಕೇಳಲಿಲ್ಲ’ ಎಂದು ಅಜ್ಜಿ ಹೇಳುತ್ತಿದ್ದರು. ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವ ಅಭ್ಯಾಸದ ಅಜ್ಜ ತಕ್ಷಣ ತಿದ್ದುತ್ತಿದ್ದರು: ಕೊಡಗಿಗೆ 24 ಸದಸ್ಯರ ವಿಧಾನಸಭೆಯಿತ್ತು, ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದರು, ಎಲ್ಲವೂ ಚರ್ಚೆಯಾಗಿಯೇ ನಡೆಯಿತು ಎಂದು. ಅಜ್ಜಿ ರೊಟ್ಟಿ ತಿರುವಿ ಹಾಕುತ್ತಾ, ‘ನನಗೆ ಅದೂ ಇರಲಿಲ್ಲ’ ಎನ್ನುತ್ತಿದ್ದರು. ಈ ಹೆಂಗಸನ್ನು ನಾವು ಮಾತಿಲ್ಲದ ತ್ಯಾಗಮಯಿ ಎಂದು ಅಚ್ಚು ಹಾಕಿಸಿದ್ದೇವೆ.

ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. ಮನೆಯ ಹಿಂದಿನ ಇಳಿಜಾರಿನಲ್ಲಿ, ಕಲ್ಲುಹಾಸಿನ ಮೆಟ್ಟಿಲು ಇಳಿದು ಹೋದರೆ ಕೊಲ್ಲಿ, ಅಂದರೆ ಸಣ್ಣ ತೊರೆ. ಅಲ್ಲಿಂದ ಅಡುಗೆಗೆ, ಪಾತ್ರೆಗೆ, ದನಗಳಿಗೆ ದಿನಕ್ಕೆ ಹನ್ನೆರಡು ಕೊಡ ನೀರು ಮೇಲೆ ಬರಬೇಕಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಆಕಾಶವೇ ನೀರಾಗಿರುವ ನಮ್ಮ ಊರಿನಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಜಾರುವ ಮೆಟ್ಟಿಲಿನಲ್ಲಿ, ಕಾಲಿಗೆ ಹತ್ತುವ ಜಿಗಣೆಗಳನ್ನು ಉಪ್ಪಿನ ಬಟ್ಟೆಯಿಂದ ಒರೆಸಿಕೊಳ್ಳುತ್ತಾ ನೀರು ಹೊರುವುದೆಂದರೆ ಏನೆಂಬುದನ್ನು, ಮುಂಗಾರು ನೋಡಲು ಮಡಿಕೇರಿಗೆ ಬಂದು ಬಿಸಿ ಕಾಫಿಯ ಫೋಟೋ ಹಾಕುವ ಮಿತ್ರರು ಒಮ್ಮೆ ಯೋಚಿಸಬೇಕು. ಗುಡ್ಡದ ಒರತೆಯಿಂದ ಒಂದು ಪೈಪ್ ಎಳೆಸಿ ಅಡುಗೆಮನೆಗೆ ನಲ್ಲಿ ಹಾಕಿಸಿ ಎಂದು ಅಜ್ಜಿ ಕೇಳಿದರು. ಕಾಫಿಯನ್ನೆಲ್ಲ, ಎಲ್ಲರದನ್ನೂ ಒಟ್ಟುಮಾಡಿ ಮಾರುವ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕಿದ್ದು, ಅದರ ಹಣ ಕಂತುಕಂತಾಗಿ ಬರುತ್ತಿದ್ದ ಕಾಲದಲ್ಲಿ ಕೇಳಿದಾಗ, ‘ಮುಂದಿನ ಕಂತು ಬರಲಿ’ ಎಂಬ ಉತ್ತರ ಸಿಕ್ಕಿತು. ಅದು ಒಪ್ಪತಕ್ಕದ್ದೇ. ಆದರೆ 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ನಮ್ಮ ಕಡೆ ದರ ಏರಿತು. ಅದುವರೆಗೆ ಕಾಣದಷ್ಟು ಹಣ ಈ ಮನೆಗೆ ಬಂತು. ಬಂದ ಹಣದಲ್ಲಿ ಒಂದು ಜೀಪು ಬಂತು.

ಜೀಪಿಗೆ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಎಲ್ಲರೂ ಹತ್ತಿ ಕುಳಿತಾಗ ಅಜ್ಜಿ ಅಂಗಳದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರು: ‘ಇದನ್ನು ತೊಳೆಯಲು ನೀರು ಯಾರು ಹೊರುವುದು?’ ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ, ನನಗಾಗ ಹತ್ತು ವರ್ಷ. ಜೀಪು ತೊಳೆಯಲು ಹೆಚ್ಚುವರಿ ನಾಲ್ಕು ಕೊಡ ಬೇಕಾಗುತ್ತಿತ್ತು. ನಲ್ಲಿ ಬಂದದ್ದು 2003ರಲ್ಲಿ, ಅಜ್ಜಿಗೆ ಅರವತ್ತೈದಾದಾಗ. ಅದೂ ಹೋಂಸ್ಟೇ ಮಾಡಿದರೆ ಹೇಗೆ ಎಂಬ ಆಲೋಚನೆ ಚಿಕ್ಕಪ್ಪನಿಗೆ ಬಂದಿದ್ದರಿಂದ. ಹೋಂಸ್ಟೇ ಆಗಲಿಲ್ಲ, ನಲ್ಲಿ ಉಳಿಯಿತು.

ಬಯಸದವರಂತೆ! ದನದ ಕೊಟ್ಟಿಗೆಯ ಪಕ್ಕದ ಹಾಲುವಾಣದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಅಜ್ಜಿ ಬಯಸಿದ್ದರು. ಅದನ್ನು ನೆಟ್ಟವರು, ಮಳೆಗಾಲದಲ್ಲಿ ಬುಡ ಕೊಳೆಯದಂತೆ ನೀರು ಬಸಿಯಲು ಚರಂಡಿ ತೆಗೆದವರು ಅವರು. ಆದ್ದರಿಂದ ಅದರ ಮೆಣಸು ತಮ್ಮದು ಎಂಬುದು ಅವರ ವಾದ. ಅಜ್ಜನಿಗೂ ಅವರಿಗೂ ಈ ವಿಷಯದಲ್ಲಿ ಮೂರು ತಿಂಗಳು ಮಾತು ನಿಂತಿತ್ತಂತೆ; ಒಂದೇ ಮನೆಯಲ್ಲಿದ್ದುಕೊಂಡು, ‘ನಿಮ್ಮ ತಂದೆಗೆ ಹೇಳು’, ‘ನಿನ್ನ ಅವ್ವನಿಗೆ ಹೇಳು’ ಎಂದು ಮಕ್ಕಳ ಮೂಲಕ ವ್ಯವಹಾರ. ಕೊನೆಗೆ ಗೆದ್ದದ್ದು ಅಜ್ಜಿ. ಅಂದಿನಿಂದ ಆ ಒಂದು ಬಳ್ಳಿಯ ಮೆಣಸನ್ನು ಬೇರೆ ಚಾಪೆಯಲ್ಲಿ ಒಣಗಿಸಿ, ಬೇರೆ ಡಬ್ಬಿಯಲ್ಲಿ ತುಂಬಿ, ಮಾರಿದ ಹಣದ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ನಾಲ್ಕನೆಯ ತರಗತಿಯ ಅಕ್ಷರ, ಆದರೆ ಕೂಡಿಸುವುದರಲ್ಲಿ ತಪ್ಪಿಲ್ಲ. ಮೆಣಸು ಮೂರು ಕೆ.ಜಿ., ಇಷ್ಟು ರೂಪಾಯಿ, ಬಳೆ, ಇಷ್ಟು, ಕಣ್ಣಿನ ಡಾಕ್ಟರು, ಇಷ್ಟು, ಇವನ ಪರೀಕ್ಷೆಯ ಫೀಸು (ಇವನು ಅಂದರೆ ನಾನು), ಸಾಲ, ಇನ್ನೂ ಬಂದಿಲ್ಲ.

ಅಡುಗೆಮನೆಯ ಬಗ್ಗೆ ಬರೆಯಲು ಕುಳಿತರೆ ಕೈ ನಿಲ್ಲುವುದಿಲ್ಲ, ಆದರೂ ಎಲ್ಲರೂ ಹೇಳುವ ‘ಕೊನೆಯಲ್ಲಿ ಉಣ್ಣುತ್ತಿದ್ದರು’ ಎಂಬ ಮಾತಿಗೆ ಉತ್ತರ ಕೊಡಲೇಬೇಕು. ಹೌದು, ಕೊನೆಯಲ್ಲಿ ಉಣ್ಣುತ್ತಿದ್ದರು. ಆದರೆ ಉಳಿದದ್ದನ್ನು ಉಣ್ಣುತ್ತಿರಲಿಲ್ಲ. ಅನ್ನವನ್ನೂ ಅಕ್ಕಿಹಿಟ್ಟನ್ನೂ ನಾದಿ ಮಾಡುವ ನಮ್ಮ ಕಡೆಯ ರೊಟ್ಟಿಯಲ್ಲಿ, ಕೆಂಡದ ಮೇಲೆ ಸರಿಯಾಗಿ ಉಬ್ಬಿದ ಎರಡನ್ನು ಮೊದಲೇ ತೆಗೆದು, ತುಪ್ಪ ಸವರಿ, ಒಲೆಯ ಹಿಂದಿನ ಮುಚ್ಚಿದ ಪಾತ್ರೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಪಾತ್ರೆಗೆ ಕೈ ಹಾಕಿದ ಮಕ್ಕಳ ಬೆರಳಿಗೆ ಸೌಟಿನ ಏಟು ಬಿದ್ದದ್ದಿದೆ, ನನ್ನದಕ್ಕೂ ಬಿದ್ದಿದೆ. ಮಳೆಗಾಲದಲ್ಲಿ ಪಣಪುಳಿ ಹಣ್ಣುಗಳನ್ನು ಬುಟ್ಟಿಯಲ್ಲಿ ಪೇರಿಸಿ, ಅವು ಕೊಳೆತು ಇಳಿಸಿದ ರಸವನ್ನು ಮಣ್ಣಿನ ಮಡಕೆಯಲ್ಲಿ ಗಂಟೆಗಟ್ಟಲೆ ಕುದಿಸಿ ಕಪ್ಪಗೆ, ಮಂದವಾಗಿ ಅಡುಗೆಯ ಹುಳಿಯಾದ ಕಾಚಂಪುಳಿ ಇಳಿಸುವ ದಿನ ಇಡೀ ಮನೆ ಹುಳಿ ಹೊಗೆಯಲ್ಲಿ ಕೆಮ್ಮುತ್ತಿತ್ತು. ನಾವು ಮಕ್ಕಳು ಒಲೆಯ ಸುತ್ತ ಕುಳಿತು, ಬೂದಿಯಲ್ಲಿ ಹಲಸಿನ ಬೀಜ ಹುದುಗಿಸಿ, ಅದು ಸಿಡಿಯುವುದನ್ನು ಕಾಯುತ್ತಿದ್ದೆವು. ಮೇಲೆ ಕಟ್ಟಿದ ಬಿದಿರಿನ ಮೇಲೆ ಒದ್ದೆ ಶಾಲೆಯ ಅಂಗಿಗಳು ಒಣಗುತ್ತಿದ್ದವು. ಮರುದಿನ ತರಗತಿಯಲ್ಲಿ ಎಲ್ಲರ ಮೈಯಿಂದಲೂ ಹೊಗೆಯ ವಾಸನೆ ಬರುತ್ತಿದ್ದರಿಂದ ಯಾರಿಗೂ ನಾಚಿಕೆಯಿರಲಿಲ್ಲ. ಇಳಿಸಿದ ಕಾಚಂಪುಳಿಯಲ್ಲಿ ಒಂದು ಬಾಟಲಿ ಪೇಟೆಗೆ ಹೋದ ಮಗಳಿಗೆ, ಒಂದು ಜೋಡುಪಾಲದ ತವರಿಗೆ, ಒಂದು ಮನೆಗೆ. ನಾಲ್ಕನೆಯದನ್ನು ಎಲ್ಲಿ ಮಾರಿದರೆಂಬುದು ಕ್ಯಾಲೆಂಡರಿನ ಹಿಂಬದಿಯಲ್ಲಿದೆ.

ಮಧ್ಯಾಹ್ನ ಊಟಕ್ಕೆ ಬಂದಿದ್ದ ಬಾವ ನನ್ನ ಮುಖ ನೋಡಿ ಕಾರಣ ಕೇಳಿದರು, ಹೇಳಿದೆ. ‘ನೀನು ಪೇಟೆಯಲ್ಲಿದ್ದು ಎಲ್ಲದಕ್ಕೂ ಅರ್ಥ ಹುಡುಕುತ್ತೀಯ. ಜಾಹೀರಾತಿನ ಸಾಲು ಕೋರ್ಟಿನ ಹೇಳಿಕೆಯಲ್ಲ, ಗೌರವಕ್ಕೆ ಹಾಕುವುದು. ಅಷ್ಟಕ್ಕೂ ಕೊನೆಗಾಲದಲ್ಲಿ ಏನು ಬೇಕು ಎಂದು ಕೇಳಿದರೆ ಅಜ್ಜಿಯೇ ಏನೂ ಬೇಡ ಎನ್ನುತ್ತಿರಲಿಲ್ಲವೇ?’ ಎಂದರು. ಬಾವ ಒಳ್ಳೆಯವರು, ಅವರ ಮಾತಿನಲ್ಲಿ ಒಂದು ಪಾಲು ನಿಜವೂ ಇದೆ: ಅಜ್ಜಿ ಕೊನೆಗೆ ‘ಏನೂ ಬೇಡ’ ಎನ್ನುತ್ತಿದ್ದರು. ಆದರೆ ಅರವತ್ತು ವರ್ಷ ಕೇಳಿ, ‘ನೋಡೋಣ’ ಎಂಬ ಉತ್ತರವನ್ನು ಮೂರು ತಲೆಮಾರಿನ ಗಂಡಸರ ಬಾಯಲ್ಲಿ ಕೇಳಿಸಿಕೊಂಡವರು ಆಡುವ ‘ಬೇಡ’ವನ್ನು ನಿರಾಸೆ ಎನ್ನದೆ ನಿಸ್ವಾರ್ಥ ಎಂದು ಬರೆದುಕೊಳ್ಳುವುದು ನಮಗೆ ಅನುಕೂಲವಲ್ಲದೆ ಗೌರವವೇನೂ ಅಲ್ಲ. ಕೇಳಲೇ ಇಲ್ಲ ಎಂದಾದರೆ ಕೊಡದವರು ಯಾರೂ ಇರುವುದಿಲ್ಲ, ನೋಡಿ. ಜಾಹೀರಾತಿನ ಕೆಳಗಿರುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳೆಲ್ಲರಿಗೂ ಒಂದೇ ಸಾಲಿನಲ್ಲಿ ಖುಲಾಸೆ.

ಇಲ್ಲಿಯವರೆಗೆ ಬರೆದು ಎರಡು ಬಾರಿ ಅಳಿಸಿದೆ. ಅಳಿಸಿದ ಕಾರಣವನ್ನೂ ಬರೆದುಬಿಡುತ್ತೇನೆ. ಆ ಸಾಲು ನಾನು ಬರೆದದ್ದು. ಕಳೆದ ವರ್ಷ ತಿಥಿಯ ಕಾರ್ಡಿಗೆ ಏನಾದರೂ ಚೆನ್ನಾಗಿರುವುದನ್ನು ಬರೆದುಕೊಡು, ನೀನು ಬರೆಯುವವನಲ್ಲವೇ ಎಂದು ದೊಡ್ಡಪ್ಪ ಫೋನ್ ಮಾಡಿದಾಗ, ಮೈಸೂರಿನಿಂದ ಹೊರಟ ಬಸ್ಸು ಹುಣಸೂರು ದಾಟುವುದರೊಳಗೆ ಬರೆದು ಕಳುಹಿಸಿದ್ದೆ. ಈ ವರ್ಷ ಅವರು ಅದನ್ನೇ ಹುಡುಕಿ ತೆಗೆದು ಪತ್ರಿಕೆಗೆ ಕೊಟ್ಟಿದ್ದಾರೆ. ಬರೆದವನು ನಾನೇ ಎಂದು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ಅದಕ್ಕೇ ಇಷ್ಟು ಸಿಟ್ಟು.

ಖುಲಾಸೆ ನನಗೆ ಯಾವುದರಿಂದ ಬೇಕಿತ್ತು ಎಂಬುದು ಜೋಡುಪಾಲದ ಕಥೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲುವಿನ ಗುಡ್ಡಗಳು ಕುಸಿದ ಅದೇ ದಿನಗಳಲ್ಲಿ ಜೋಡುಪಾಲದಲ್ಲೂ ಗುಡ್ಡ ಇಳಿಯಿತು. ಅಜ್ಜಿಯ ತವರಿನವರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿ ಜೀವ ಉಳಿಸಿಕೊಂಡರು. ಮನೆ ನಿಂತಿತ್ತು, ಗದ್ದೆ ಮಾತ್ರ ಮಣ್ಣು, ಮರದ ದಿಮ್ಮಿ, ಬಂಡೆಗಳ ಅಡಿಗೆ ಹೋಯಿತು. ಅಜ್ಜಿ ಅಳಲಿಲ್ಲ. ‘ಒಮ್ಮೆ ಕರೆದುಕೊಂಡು ಹೋಗು, ಗದ್ದೆ ಇದ್ದ ಜಾಗದಲ್ಲಿ ನಿಂತು ನೋಡಿ ಬರಬೇಕು’ ಎಂದು ನನ್ನನ್ನು ಕೇಳಿದರು. ನನ್ನನ್ನೇ ಕೇಳಿದ್ದಕ್ಕೆ ಕಾರಣ, ಕಾರು ಇದ್ದದ್ದು ನನ್ನ ಬಳಿ, ಮತ್ತು ಪರೀಕ್ಷೆಯ ಫೀಸಿನ ಸಾಲ ಇದ್ದದ್ದೂ ನನ್ನ ಮೇಲೆ. ಮಡಿಕೇರಿ–ಸಂಪಾಜೆ ರಸ್ತೆ ಕುಸಿದಿದೆ, ಸರಿಯಾಗಲಿ ಎಂದೆ. ರಸ್ತೆ ಸರಿಯಾಯಿತು. ಮರುವರ್ಷ ಮತ್ತೆ ಮಳೆ ಜೋರು ಎಂದೆ. ಅದರ ಮರುವರ್ಷ ಕೊರೋನಾ ಇತ್ತು, ಅದು ನನಗೆ ಬಹಳ ಉಪಕಾರ ಮಾಡಿತು. ಆಮೇಲೆ ಕಾರಿನ ಕ್ಲಚ್ಚು, ಕಾಲೇಜಿನ ಪರೀಕ್ಷೆ, ನಿಮಗೆ ಮೊಣಕಾಲು ನೋವು, ಅಲ್ಲಿ ಜಾರುತ್ತದೆ. ಆ ವರ್ಷಗಳಲ್ಲಿ ಮಂಗಳೂರಿನ ಕೆಲಸಕ್ಕೆಂದು ಅದೇ ಜೋಡುಪಾಲದ ತಿರುವುಗಳಲ್ಲಿ ನಾನು ಕಾರು ಓಡಿಸಿಕೊಂಡು ಹೋಗಿದ್ದು ಹತ್ತಕ್ಕಿಂತ ಹೆಚ್ಚು ಬಾರಿ. ಮಡಿಕೇರಿಯಿಂದ ಚೇರಂಬಾಣೆಗೆ ತಿರುಗಿ ಅಜ್ಜಿಯನ್ನು ಕೂರಿಸಿಕೊಳ್ಳಲು ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತಿತ್ತು.

ಕಳೆದ ವರ್ಷ ಆಟಿ ಹದಿನೆಂಟಕ್ಕೆ (ಆಟಿ ತಿಂಗಳ ಹದಿನೆಂಟನೆಯ ದಿನ, ನಮ್ಮ ಕಡೆ ಮದ್ದುಸೊಪ್ಪಿನ ಪಾಯಸ ಮಾಡುವ ದಿನ) ಒಂದು ವಾರವಿರುವಾಗ ಅಜ್ಜಿ ಫೋನಿನಲ್ಲಿ, ‘ಮದ್ದುಸೊಪ್ಪಿನ ಪಾಯಸಕ್ಕೆ ಬರುವೆಯಲ್ಲ, ಬಂದಾಗ ಹೋಗಿ ಬರೋಣ’ ಎಂದಿದ್ದರು. ಈ ಸಲ ಖಂಡಿತ ಎಂದೆ. ಅತ್ತಲಿಂದ ಏನು ಉತ್ತರ ಬಂತೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಆಟಿ ಹದಿನೆಂಟರ ಹಿಂದಿನ ದಿನ ಅವರು ತೀರಿಕೊಂಡರು. ಸೂತಕದ ಮನೆಯಲ್ಲಿ ಪಾಯಸವಿಲ್ಲ. ಬೇಲಿಯ ಬದಿಯ ಮದ್ದುಸೊಪ್ಪನ್ನು ಯಾರೂ ಕೊಯ್ಯಲಿಲ್ಲ. ಈ ಸಲ ಕೊಯ್ದಿದ್ದಾರೆ, ನಾಳೆಗೆ. ಸೊಪ್ಪು ಕುದಿಸಿದ ನೀರು ನೇರಳೆ ಬಣ್ಣಕ್ಕೆ ಬಂದಿದೆಯೇ ಎಂದು ಇಣುಕಿ ನೋಡಿ, ‘ಸಾಲದು, ಇನ್ನೂ ಕುದಿಯಲಿ’ ಎನ್ನುವವರು ಮಾತ್ರ ಒಲೆಯ ಬಳಿ ಇರುವುದಿಲ್ಲ.

ನೆಂಟರೆಲ್ಲ ಹೋದ ಮೇಲೆ ದೊಡ್ಡಪ್ಪನ ಪಕ್ಕ ಕುಳಿತು ನಾನೇ ವಿಷಯ ಎತ್ತಿದೆ. ಮುಂದಿನ ವರ್ಷದ ಜಾಹೀರಾತನ್ನು ನಾನು ಬೇರೆಯಾಗಿ ಬರೆಯುತ್ತೇನೆ ಎಂದೆ. ಏನೆಂದು ಬರೆಯುತ್ತೀ ಎಂದರು. ಅಜ್ಜಿ ಕೇಳಿದ್ದು: ಅಡುಗೆಮನೆಗೆ ನೀರು, ಕೊಟ್ಟಿಗೆ ಬದಿಯ ಮೆಣಸಿನ ಬಳ್ಳಿ, ಜೋಡುಪಾಲಕ್ಕೆ ಒಂದು ಪ್ರಯಾಣ, ಮೊಮ್ಮಗನಿಂದ ಬರಬೇಕಾದ ಫೀಸಿನ ಹಣ, ಎಂದು ಹೇಳುತ್ತಾ ಹೋದೆ. ದೊಡ್ಡಪ್ಪ ಬಹಳ ಹೊತ್ತು ಮಳೆ ನೋಡಿದರು. ಆಮೇಲೆ, ‘ಅಷ್ಟೆಲ್ಲ ಹಾಕಿದರೆ ಜಾಗ ಹೆಚ್ಚು ಬೇಕಾಗುತ್ತದೆ, ದರವೂ ಹೆಚ್ಚುತ್ತದೆ’ ಎಂದರು. ಅಜ್ಜಿಯ ಬಳ್ಳಿಯ ಮೆಣಸಿನ ಹಣದಲ್ಲೇ ಕೊಟ್ಟರಾಯಿತು, ಅದನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.

ಆ ಬಳ್ಳಿಯ ಮೆಣಸು ಈ ವರ್ಷ ತೋಟದ ರಾಶಿಯಲ್ಲೇ ಸೇರಿಹೋಯಿತಂತೆ.