ಅಮ್ಮ ಬಾಡಿಗೆ ಏರಿಸಿದಳು, ನನ್ನ ರಿಬೇಟು ಇಳಿಯಿತು

2025ರ ಯುಗಾದಿ ಮಾರ್ಚ್ 30ಕ್ಕೆ, ಭಾನುವಾರ ಬಂದಿತ್ತು. ಮೆಲ್ಬರ್ನಿನಲ್ಲಿ ಹಬ್ಬ ಭಾನುವಾರ ಬರುವುದೇ ಒಂದು ಹಬ್ಬ, ರಜೆ ಕೇಳುವ ಗೋಜಿಲ್ಲ. ಗೆಳೆಯರ ಮನೆಯಲ್ಲಿ ಊಟ. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಪಕ್ಕದವರು ಕೇಳಿದರು. "ಹೋದ ಸಲ ಟ್ಯಾಕ್ಸ್ ತುಂಬಿದಾಗ ಹೆಲ್ತ್ ಇನ್ಶೂರೆನ್ಸ್ ರಿಬೇಟೇ ನಮ್ಮಿಬ್ಬರಿಗೂ ಸೇರಿ 1,200 ಡಾಲರ್ ಬಂತು. ನೀವು ತಗೊಂಡಿಲ್ವಾ?"

ನನ್ನ ಬಾಯಲ್ಲಿದ್ದ ಹೋಳಿಗೆ ಸಪ್ಪಗಾಯಿತು.

ಆಸ್ಟ್ರೇಲಿಯಾದ ಈ ವ್ಯವಹಾರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇಲ್ಲಿ ಸರ್ಕಾರದ ಮೆಡಿಕೇರ್ ಇದೆ. ಅದಕ್ಕೆ ನಮ್ಮ ಆದಾಯದಲ್ಲಿ 2% ಕೊಡುತ್ತೇವೆ. ಅಷ್ಟಕ್ಕೇ ಸುಮ್ಮನಿರುವ ಹಾಗಿಲ್ಲ. ಆದಾಯ ಒಂದು ಗೆರೆ ದಾಟಿದ ಮೇಲೂ ಖಾಸಗಿ ಆಸ್ಪತ್ರೆ ವಿಮೆ ಇಲ್ಲದಿದ್ದರೆ ಇನ್ನೂ 1ರಿಂದ 1.5% ಕಟ್ಟಬೇಕು. ವಯಸ್ಸು ಮೂವತ್ತು ದಾಟಿದ ಮೇಲೆ ತಡ ಮಾಡಿದರೆ ವರ್ಷಕ್ಕೆ 2%ರಂತೆ ಕಂತು ದುಬಾರಿ. ನಮ್ಮಂತೆ ವಲಸೆ ಬಂದವರಿಗೆ ಮೆಡಿಕೇರ್‌ಗೆ ಹೆಸರು ಬರೆಸಿದ ಮೇಲೆ ಒಂದು ವರ್ಷ ವಾಯಿದೆ. ಹೆದರಿ ವಿಮೆ ಮಾಡಿಸಿದರೆ ಅದೇ ಸರ್ಕಾರ ಬೆನ್ನು ಸವರಿ ಕಂತಿನಲ್ಲಿ ಒಂದು ಪಾಲು ತಾನು ಕೊಡುತ್ತದೆ. ಅದೇ ಈ ರಿಬೇಟು. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ. 1999ರ ಜನವರಿಯಲ್ಲಿ ಶುರುವಾದಾಗ ಆ ಬೆಲ್ಲ ಎಲ್ಲರಿಗೂ 30% ಇತ್ತಂತೆ. 2012ರ ಜುಲೈಯಿಂದ ಆದಾಯ ನೋಡಿ ಅಚ್ಚು ಚಿಕ್ಕದು ಮಾಡುತ್ತಾರೆ.

ಸೋಮವಾರವೇ ವಿಮಾ ಕಂಪನಿಗೆ ಫೋನ್ ಮಾಡಿದೆ. ಸಂಗೀತ ಶುರುವಾಯಿತು. ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿ ತಣ್ಣಗಾಗಿ, ನಾವು ಊಟಕ್ಕೆ ಕೂತ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಐದು ವರ್ಷದ ಬಾಕಿ ರಿಬೇಟು ಬೇಕು ಎಂದೆ, ಸ್ವಲ್ಪ ಜೋರಾಗಿಯೇ.

"ಬಾಕಿ ಏನೂ ಇಲ್ಲ ಸರ್. ಪ್ರತಿ ತಿಂಗಳ ಕಂತಿನಲ್ಲೇ ಕಳೆದು ಉಳಿದದ್ದನ್ನು ತಗೊಳ್ತಿದ್ದೀವಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಆ ಹೋಳಿಗೆಯ ಮಹಾನುಭಾವರು ಇಡೀ ಕಂತು ಕಟ್ಟಿ ಆಮೇಲೆ ಟ್ಯಾಕ್ಸಿನಲ್ಲಿ ವಾಪಸ್ ಪಡೆಯುವವರು. ನಾನು ಮುಂಚೆಯೇ ಮುರಿದುಕೊಂಡು ಕಟ್ಟುವವನು. ಅವರಿಗೆ ವರ್ಷಕ್ಕೊಮ್ಮೆ ಸಂಭ್ರಮ, ನನಗೆ ಅದೂ ಇಲ್ಲ.

ಫೋನ್ ಇಡುವ ಮೊದಲು ಆಕೆ ಇನ್ನೊಂದು ಕೇಳಿದಳು. "ನಿಮ್ಮ ಆದಾಯ ಬೇಸ್ ಟಿಯರ್ ಅಂತ ಬರೆಸಿದ್ದೀರಿ. ಈಗಲೂ ಹಾಗೇ ಅಲ್ವಾ?" ಬೇಸ್ ಟಿಯರ್ ಅಂದರೆ ಆದಾಯ ಗೆರೆ ದಾಟದವರ ಗುಂಪು, ಬೆಲ್ಲದ ಅಚ್ಚು ಅವರಿಗೇ ದೊಡ್ಡದು. ನಾನು ಧೈರ್ಯವಾಗಿ ಹೌದು ಎಂದೆ. ಆ ಹೌದಿನ ಬೆಲೆ ಗೊತ್ತಾದದ್ದು ಜುಲೈ ಕೊನೆಗೆ.

ಜುಲೈ ಕೊನೆಯ ಹೊತ್ತಿಗೆ ತೆರಿಗೆ ಇಲಾಖೆಯೇ ನಮ್ಮ ಟ್ಯಾಕ್ಸ್ ಫಾರ್ಮಿನಲ್ಲಿ ವಿಮೆಯ ವಿವರಗಳನ್ನು ತಾನಾಗಿ ತುಂಬಿಟ್ಟಿರುತ್ತದೆ. ತೆಗೆದು ನೋಡಿದರೆ ಒಂದೇ ವಿಮೆಗೆ ಎರಡು ಸಾಲು. ಒಂದರ ಕೋಡು 30, ಇನ್ನೊಂದರದು 31. ಕಂಪ್ಯೂಟರಿಗೂ ಮರೆವು ಬಂದಿರಬೇಕು ಎಂದುಕೊಂಡು ಒಂದನ್ನು ಅಳಿಸಿಬಿಟ್ಟೆ.

"ರೀ, ಏನ್ ಮಾಡಿದ್ರಿ? ಏಪ್ರಿಲ್ 1ಕ್ಕೆ ರಿಬೇಟಿನ ರೇಟು ಬದಲಾಗತ್ತೆ. ಮುಂಚಿನದಕ್ಕೆ ಒಂದು ಸಾಲು, ಆಮೇಲಿನದಕ್ಕೆ ಒಂದು," ಎಂದಳು ಹೆಂಡತಿ.

ನಿಜ. ಮಾರ್ಚ್ ಕೊನೆಯವರೆಗೆ 24.608%. ಏಪ್ರಿಲ್ 1ರಿಂದ 24.288%. ಚಿನ್ನದಂಗಡಿಯ ತಕ್ಕಡಿ ಬಿಟ್ಟರೆ ಇಷ್ಟು ಸೂಕ್ಷ್ಮ ನಾನೆಲ್ಲೂ ಕಂಡಿಲ್ಲ. ಅದೇ ಏಪ್ರಿಲ್ 1ಕ್ಕೆ ಕಂತಿನ ಮೊತ್ತವೂ ಏರುತ್ತದೆ. ಯುಗಾದಿಗೆ ಬೇವು ಬೆಲ್ಲ ಎರಡೂ ತಿಂದಿದ್ದೆವು. ಎರಡು ದಿನ ಕಳೆಯುವಷ್ಟರಲ್ಲಿ ಬೇವು ಮಾತ್ರ ಉಳಿದಿತ್ತು.

ಅಳಿಸಿದ ಸಾಲನ್ನು ಮತ್ತೆ ಬರೆದೆ. ಇಬ್ಬರ ಆದಾಯವನ್ನೂ ತುಂಬಿದೆ. ಲೆಕ್ಕ ಹಾಕು ಎಂದು ಒತ್ತಿದರೆ, ಬರಬೇಕಾದ ದುಡ್ಡು ಸರ್ರನೆ ಇಳಿಯಿತು. ನಾವು ಬೇಸ್ ಟಿಯರ್ ಅಲ್ಲವಂತೆ, ಟಿಯರ್ ಒಂದಂತೆ! ಬಡ್ತಿ ಸಿಕ್ಕಿದೆ, ಸಂಬಳ ಕಡಿಮೆ.

ಆ ವರ್ಷ ಕುಟುಂಬಕ್ಕೆ ಗೆರೆ ಇದ್ದದ್ದು 1,94,000 ಡಾಲರಿಗೆ. ಎರಡನೇ ಮಗುವಿನಿಂದ ಮುಂದೆ ಮಗುವೊಂದಕ್ಕೆ 1,500 ಸೇರಿಸುತ್ತಾರೆ. ಮೊದಲ ಮಗುವಿಗೆ ಸೊನ್ನೆ. ದೊಡ್ಡವಳಿಗೆ ಈ ಲೆಕ್ಕ ನಾನಿನ್ನೂ ಹೇಳಿಲ್ಲ, ತಮ್ಮನ ಮುಂದೆ ಅವಳ ಮಾನ ಉಳಿಯಲಿ ಅಂತ. ತೆರಿಗೆ ಉಳಿಸಲು ಸಂಬಳದಲ್ಲಿ ಒಂದಷ್ಟು ಜಾಸ್ತಿ ಮುರಿಸಿ ಸೂಪರ್ ಎಂಬ ಪಿಂಚಣಿ ನಿಧಿಗೆ ಹಾಕಿದ್ದೆ, ಭಾರಿ ಜಾಣ ಅಂತ. ರಿಬೇಟಿನ ಲೆಕ್ಕಕ್ಕೆ ಅದನ್ನೂ ಎಳೆದು ತಂದು ಕೂಡುತ್ತಾರೆ. ಎಲ್ಲ ಸೇರಿ ಗೆರೆಗಿಂತ 412 ಡಾಲರ್ ಜಾಸ್ತಿ.

ಬರೀ 412! ಎಲ್ಲಿಂದ ಬಂತು ಇದು? ರಾತ್ರಿ ಹನ್ನೊಂದರವರೆಗೆ ಇಬ್ಬರೂ ಲೆಕ್ಕ ಜಾಲಾಡಿದೆವು. ಕೊನೆಗೆ ಸಿಕ್ಕಿತು. ಮೈಸೂರಿನಲ್ಲಿ ನನ್ನ ಹೆಸರಿನಲ್ಲೊಂದು ಮನೆ ಇದೆ. ಇಲ್ಲಿ ನೆಲೆಸಿದವರು ಅಲ್ಲಿನ ಬಾಡಿಗೆಯನ್ನೂ ಇಲ್ಲಿ ತೋರಿಸಬೇಕು. ಅದನ್ನು ನೋಡಿಕೊಳ್ಳುವುದು ಅಮ್ಮ. ಹಿಂದಿನ ಜುಲೈಯಲ್ಲಿ ಅಮ್ಮ ಬಾಡಿಗೆದಾರರ ಜೊತೆ ಮೂರು ದಿನ ಚೌಕಾಸಿ ಮಾಡಿ ತಿಂಗಳಿಗೆ 3,000 ರೂಪಾಯಿ ಏರಿಸಿದ್ದಳು. ಆವತ್ತು ನಾನೇ "ಶಭಾಷ್ ಅಮ್ಮಾ" ಎಂದಿದ್ದೆ. ವರ್ಷಕ್ಕೆ 36,000 ರೂಪಾಯಿ, ಇಲ್ಲಿಯ ಲೆಕ್ಕದಲ್ಲಿ 650 ಡಾಲರ್ ಹತ್ತಿರ.

ಆ 650 ನಮ್ಮನ್ನು ಗೆರೆ ದಾಟಿಸಿತ್ತು. ದಾಟಿದ ಮೇಲೆ ರಿಬೇಟು 16% ಚಿಲ್ಲರೆ. ವರ್ಷವಿಡೀ ಜಾಸ್ತಿ ತಿಂದ ಬೆಲ್ಲವನ್ನು ಈಗ ಕಕ್ಕಬೇಕು, ನಾನರ್ಧ ಅವಳರ್ಧ, ಒಟ್ಟು 400 ಡಾಲರ್ ಹತ್ತಿರ. ಬಾಡಿಗೆಯ ಮೇಲಿನ ತೆರಿಗೆ ಕಳೆದು, ಇದನ್ನೂ ಕಳೆದರೆ ಅಮ್ಮನ ಮೂರು ದಿನದ ಚೌಕಾಸಿಯಲ್ಲಿ ಉಳಿದದ್ದು 40 ಡಾಲರ್ ಚಿಲ್ಲರೆ. ನಾವು ನಾಲ್ಕೂ ಜನ ಮಸಾಲೆ ದೋಸೆ ತಿಂದರೆ ಕಾಫಿಗೆ ಸಾಲದು.

ಮರುದಿನ ಅಮ್ಮನ ಫೋನ್ ಬಂತು.

"ಬಾಡಿಗೆ ಕರಾರು ಮುಗೀತು ಕಣೋ. ಈ ಸಲ ಇನ್ನೂ ಎರಡು ಸಾವಿರ ಜಾಸ್ತಿ ಕೇಳ್ತೀನಿ."

"ಬೇಡಮ್ಮಾ. ಪಾಪ, ಒಳ್ಳೇ ಜನ. ಸುಮ್ನೆ ಯಾಕೆ ತೊಂದರೆ ಕೊಡೋದು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಯಾಕೋ, ಮೈ ಹುಷಾರಿಲ್ವಾ? ಅದೇನೋ ಇನ್ಶೂರೆನ್ಸ್ ಇದೆ ಅಂತಿದ್ದೆಯಲ್ಲ, ಒಂದ್ಸಲ ಡಾಕ್ಟರಿಗೆ ತೋರಿಸಿಕೊಂಡು ಬಾ."