ಈರುಳ್ಳಿ ರಫ್ತಿಗೆ ತಡೆ: ಸರಿಯೇ, ತಪ್ಪೇ?

ಪರ

ಈರುಳ್ಳಿ ಮುಟ್ಟದ ಮನೆಗಳಿವೆ, ನಿಜ. ಆದರೆ ಕೂಲಿ ಮಾಡಿ ಬದುಕುವವರಿಗೆ ರೊಟ್ಟಿಯ ಜೊತೆ ನಂಜಿಕೊಳ್ಳಲು ಎಷ್ಟೋ ದಿನ ಸಿಗುವುದು ಅದೊಂದೇ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ 40 ರಫ್ತು ಸುಂಕ ಹಾಕಿದಾಗ ರೈತವಿರೋಧಿ ಎಂಬ ಕೂಗೆದ್ದಿತು. ಯಾವ ರೈತ? ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬರುವುದು ಬಹುಪಾಲು ಬೇಸಿಗೆಯಲ್ಲಿ ಕಿತ್ತು ದಾಸ್ತಾನಿಟ್ಟ ಗಡ್ಡೆ. ಸಾಲ ತೀರಿಸುವ ಅವಸರದಲ್ಲಿದ್ದ ಸಣ್ಣ ರೈತ ಅದನ್ನು ಏಪ್ರಿಲ್-ಮೇ ತಿಂಗಳಲ್ಲೇ ಮಾರಿರುತ್ತಾನೆ. ಆಮೇಲೆ ಏರಿದ ಬೆಲೆಯ ಲಾಭವೆಲ್ಲ ಕಾದು ಕೂರುವ ತಾಕತ್ತಿದ್ದವರಿಗೆ. ಕೊರತೆಯಾದರೆ ಹೊರಗಿನಿಂದ ತರಿಸಬಹುದಲ್ಲ ಎನ್ನುತ್ತಾರೆ. ಹಡಗು ಬರುವಷ್ಟರಲ್ಲಿ ಹೊಸ ಬೆಳೆಯೂ ಬಂದಿರುತ್ತದೆ, ಹೊಡೆತ ಮತ್ತೆ ರೈತನಿಗೇ.

ಬೆಳವಣಿಗೆಯ ಮಾತಿಗೆ ಬಂದರೂ ಅಷ್ಟೇ. 2023ರ ಫೆಬ್ರುವರಿಯಿಂದ ಎರಡು ವರ್ಷ ಆರ್‌ಬಿಐ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 6.5ರಿಂದ ಕೆಳಗಿಳಿಸಲಿಲ್ಲ, ಆಹಾರದ ಬೆಲೆಯೇರಿಕೆ ಅದಕ್ಕೆ ದೊಡ್ಡ ಕಾರಣ. ಪೀಣ್ಯದ ಸಣ್ಣ ಕಾರ್ಖಾನೆಯವರು ಕಟ್ಟುವ ಬಡ್ಡಿಗೂ ತರಕಾರಿ ಸಂತೆಗೂ ನಂಟಿದೆ. 1998ರ ದೆಹಲಿ ಚುನಾವಣೆಯಲ್ಲಿ ಆಳುವ ಪಕ್ಷ ಈರುಳ್ಳಿಯಿಂದ ಸೋತಿತು ಎಂದು ಈಗಲೂ ನಗುವವರಿದ್ದಾರೆ. ಮತದಾರರು ಸಂತೆಯ ಲೆಕ್ಕ ನೋಡಿ ಮತ ಹಾಕಿದರೆ ಅದರಲ್ಲಿ ನಗುವಂಥದ್ದೇನಿದೆಯೋ!

ವಿರೋಧ

ದಾಸ್ತಾನುದಾರರನ್ನು ಹಿಡಿಯಲು ಹಾಕಿದ ಬಲೆಗೆ ಬಿದ್ದವರು ಬೇರೆಯವರು. ರಫ್ತು ಪೂರ್ತಿ ನಿಂತದ್ದು ಅದೇ 2023ರ ಡಿಸೆಂಬರ್ 8ರಂದು, ಮುಂಗಾರು ಬೆಳೆ ಯಾರ್ಡಿಗೆ ಬರುತ್ತಿದ್ದ ಹೊತ್ತಿನಲ್ಲಿ. ಗದಗ, ಚಳ್ಳಕೆರೆ ಕಡೆಯ ಆ ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ಚೀಲದಲ್ಲಿ ಕೆಲವು ವಾರ ಇಟ್ಟರೆ ಮೊಳಕೆಯೊಡೆಯುತ್ತದೆ, ಇಲ್ಲವೇ ಕತ್ತು ಮೆತ್ತಗಾಗಿ ಕೊಳೆಯುತ್ತದೆ. ದರ ಬಿದ್ದಿದೆ ಎಂದು ವಾಪಸ್ ಒಯ್ಯುವಂತಿಲ್ಲ.

ಬೆಂಗಳೂರು ಗುಲಾಬಿ ಈರುಳ್ಳಿಯ ಪಾಡಂತೂ ವಿಚಿತ್ರ. ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಬೆಳೆಯುವ, 2015ರಲ್ಲಿ ಆ ಸೀಮೆಯದೇ ಬೆಳೆ ಎಂಬ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಈ ಸಣ್ಣ, ಖಾರದ ಗಡ್ಡೆಗೆ ನಮ್ಮಲ್ಲಿ ಗಿರಾಕಿಗಳು ಕಡಿಮೆ. ಕೊಳ್ಳುವುದು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ. 2019ರ ಸೆಪ್ಟೆಂಬರ್ 29ರಂದು ರಫ್ತು ನಿಷೇಧಿಸಿದಾಗ ಇದಕ್ಕೂ ಬೀಗ ಬಿತ್ತು. ತಿಂಗಳು ಕಳೆದ ಮೇಲೆ ಚೆನ್ನೈ ಬಂದರಿನ ಮೂಲಕ 9,000 ಟನ್‌ಗೆ ಅನುಮತಿ ಸಿಕ್ಕಿತು. 2023ರಲ್ಲೂ ಹಾಗೇ: ಆಗಸ್ಟ್‌ನಲ್ಲಿ ಸುಂಕ, ಸೆಪ್ಟೆಂಬರ್ ಕೊನೆಗೆ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ತಂದರೆ ವಿನಾಯಿತಿ. ಇಲ್ಲಿ ಹೆಚ್ಚು ಯಾರೂ ಕೊಳ್ಳದ ಗಡ್ಡೆಯನ್ನು ಇಲ್ಲೇ ತಡೆದಿಟ್ಟರೆ ಯಾರ ಮನೆಯ ಸಾಂಬಾರು ಅಗ್ಗವಾಗುತ್ತದೆ?

ಹೊರಗಿನ ಗಿರಾಕಿಗಳೂ ನೋಡುತ್ತಿರುತ್ತಾರೆ. ಅದೇ 2019ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದಿದ್ದ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ, ಈರುಳ್ಳಿ ಹಾಕಬೇಡವೆಂದು ಅಡುಗೆಯವರಿಗೆ ಹೇಳಿದ್ದೇನೆ ಎಂದು ನಗುತ್ತಲೇ ಚುಚ್ಚಿದರು. ಮೊದಲೇ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸುತ್ತಿದ್ದೆವು ಎಂದೂ ಸೇರಿಸಿದರು. ಒಮ್ಮೆ ಬೇರೆ ಕಡೆ ಹೋದ ವ್ಯಾಪಾರವನ್ನು ಮರಳಿ ತರುವುದು ಸುಲಭವಲ್ಲ.

2023ರ ಆಗಸ್ಟ್‌ನಲ್ಲಿ ಸುಂಕ, ಅಕ್ಟೋಬರ್‌ನಲ್ಲಿ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ, ಡಿಸೆಂಬರ್‌ನಲ್ಲಿ ನಿಷೇಧ. ನಿಯಮ ಹೀಗೆ ಬದಲಾಗುತ್ತಿದ್ದರೆ ಗಾಳಿಯಾಡುವ ಒಳ್ಳೆಯ ಉಗ್ರಾಣಕ್ಕೆ ಯಾರು ದುಡ್ಡು ಹಾಕುತ್ತಾರೆ? ಉಗ್ರಾಣ ಇಲ್ಲದ್ದಕ್ಕೇ ಗಡ್ಡೆ ಕೊಳೆಯುವುದು, ಕೊಳೆತದ್ದಕ್ಕೇ ಮಳೆಗಾಲದಲ್ಲಿ ಬೆಲೆ ಏರುವುದು. ನಿಷೇಧ ತೆರವಾಗಿ, ಸುಂಕ ಇಳಿದು, ಕೊನೆಗೆ ಉಳಿದಿದ್ದ ಶೇ 20 ಸುಂಕವನ್ನೂ 2025ರ ಏಪ್ರಿಲ್ 1ರಂದು ತೆಗೆದರು. ಅಷ್ಟರಲ್ಲಿ ಬೇಸಿಗೆ ಬೆಳೆ ಬಂದು ಸಗಟು ದರ ಇಳಿದಾಗಿತ್ತು.