ಫೋಟೊ ಮೊದಲೋ, ತಟ್ಟೆ ಇಡ್ಲಿ ಮೊದಲೋ?

ನಾನಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಜಿಯೋಕ್ಯಾಶಿಂಗ್ (ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ) ಆಡುವವರ ಕೂಟ ಅಂದರೆ ಗ್ರೂಪ್ ಫೋಟೊ ಎಷ್ಟು ಹೊತ್ತಿಗೆ ಅಂತ ಮೊದಲೇ ಬರೆದಿರುತ್ತಾರೆ. 11:15 ಅಂದರೆ 11:15. ತಡವಾಗಿ ಬಂದವನಿಗೆ ಯಾರೂ ಕಾಯುವುದಿಲ್ಲ, ಅವನೂ ಮುನಿಸಿಕೊಳ್ಳುವುದಿಲ್ಲ. ರಜೆಗೆ ತುಮಕೂರಿಗೆ ಬಂದಾಗ ಅದೇ ಗತ್ತಿನಲ್ಲಿ ದೇವರಾಯನದುರ್ಗದಲ್ಲಿ ಒಂದು ಕೂಟ ಇಟ್ಟೆ. ಬೆಳಿಗ್ಗೆ 9:30ಕ್ಕೆ ಮೆಟ್ಟಿಲ ಹತ್ತಿರ ಫೋಟೊ. ಆ ಹೊತ್ತಿಗೆ ಅಲ್ಲಿದ್ದದ್ದು ನಾನು, ನನ್ನ ಭಾವಮೈದ ಮತ್ತೆ ಕೋತಿಗಳು. ಮಿಕ್ಕವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ. "ಅಣ್ಣಾ, ಇನ್ನೊಂದ್ ಪ್ಲೇಟ್ ಹೇಳಿದ್ದೀವಿ, ಹತ್ತೇ ನಿಮಿಷ." ಕೂಟ ಕನಿಷ್ಠ 30 ನಿಮಿಷ ನಡೆಯಬೇಕು ಅನ್ನೋದು ಈ ಆಟದ ನಿಯಮ, ನಮಗೆ ಕಾಯುವುದರಲ್ಲೇ ಅಷ್ಟು ಮುಗಿಯಿತು.

ಆಟ ಇಷ್ಟೇ. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅಕ್ಷಾಂಶ ರೇಖಾಂಶ ಕೊಡುತ್ತಾರೆ, ನಾವು ಹುಡುಕಿ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರಬೇಕು. ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ಅಮೆರಿಕ 2000ದ ಮೇ 2ರಂದು ನಿಲ್ಲಿಸಿತು, ಮಾರನೇ ದಿನವೇ ಆರೆಗಾನ್‌ನಲ್ಲಿ ಒಬ್ಬ ಒಂದು ಬಕೆಟ್ ಅರ್ಧ ಹೂತಿಟ್ಟು ಶುರು ಮಾಡಿದ. ಇವತ್ತಿಗೂ ಜಿಪಿಎಸ್ ನಾಲ್ಕೈದು ಮೀಟರ್ ಹತ್ತಿರಕ್ಕೆ ಬಿಡುತ್ತೆ ಅಷ್ಟೇ, ಆಮೇಲೆ ಬಗ್ಗಿ ಕಲ್ಲು ಸಂದಿ ನೋಡೋದೇ.

ಹೊಸಬರಿಗೆ ತೋರಿಸೋಣ ಅಂತ ಒಂದು ಡಬ್ಬಿ ತಂದಿದ್ದೆ. ಡಬ್ಬಿ ಅಂದರೆ ಊಟ ಅಂತ ದುರ್ಗದ ಕೋತಿಗೆ ಚೆನ್ನಾಗಿ ಗೊತ್ತು. ಕಿತ್ತುಕೊಂಡು ಹೋಗಿ, ನಾಲ್ಕೂ ಕ್ಲಿಪ್ ಬಿಚ್ಚಿ, ಪೆನ್ಸಿಲ್ ಕಚ್ಚಿ ನೋಡಿ, ಪುಸ್ತಕವನ್ನು ಬಂಡೆ ಸಂದಿಗೆ ಎಸೆಯಿತು. ನಾವು ಬಗ್ಗಿ ಹುಡುಕುತ್ತಿದ್ದರೆ ದೇವಸ್ಥಾನಕ್ಕೆ ಬಂದಿದ್ದ ಯಜಮಾನರೊಬ್ಬರು, "ಏನ್ ಕಳ್ಕೊಂಡ್ರಿ ಸ್ವಾಮಿ?" ಅಂದರು. ಜರ್ಮನಿಯಲ್ಲಿ ಯಾರಾದರೂ ಹತ್ತಿರ ಬಂದರೆ, ಡಬ್ಬಿಯ ಗುಟ್ಟು ಗೊತ್ತಾಗಬಾರದು ಅಂತ ಶೂ ಲೇಸ್ ಕಟ್ಟೋ ನಾಟಕ ಮಾಡುತ್ತೇವೆ, ಅಭ್ಯಾಸಬಲ, ಇಲ್ಲೂ ಬಗ್ಗಿದೆ. ಕಾಲಲ್ಲಿ ಇದ್ದದ್ದು ಚಪ್ಪಲಿ.

ಗುಟ್ಟು ನಮ್ಮ ಕಡೆ ನಡೆಯಲ್ಲ ಬಿಡಿ. ಬಾಯಿ ಬಿಟ್ಟು ಹೇಳಿಬಿಡೋದೇ ಕ್ಷೇಮ, ಇಲ್ಲಾಂದ್ರೆ ನಿಧಿ ಅಗೆಯೋಕೆ ಬಂದಿದ್ದಾರೆ ಅಂದ್ಕೋತಾರೆ. ಎಲ್ಲ ಹೇಳಿದೆ. ಯಜಮಾನರ ಮೊಮ್ಮಗಳೇ ಪುಸ್ತಕ ಹುಡುಕಿ ಕೊಟ್ಟಳು. "ಸಿಕ್ಕಿದ್ ಮೇಲೆ ಅಲ್ಲೇ ಇಡೋದಾದ್ರೆ ಹುಡುಕೋದ್ಯಾಕೆ?" ಅಂತ ಅವರು ಕೇಳಿದ್ದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.

ಫೋಟೊ ಆದದ್ದು ಹತ್ತೂ ಐವತ್ತಕ್ಕೆ. ಆಟದವರು ಆರು ಜನ, ಯಜಮಾನರ ಸಂಸಾರ ಎಂಟು. ಇದು ನನಗೆ ಖುಷಿಯೇ. ಆದರೆ ನಮ್ಮ ಗುಂಪಿನ ಒಬ್ಬ ಹುಡುಗಿ ಪಕ್ಕಕ್ಕೆ ಸರಿದು ನಿಂತಿದ್ದಳು. "ಬಾಮ್ಮ, ನಾಚ್ಕೊಂಡ್ರೆ ಹೆಂಗೆ" ಅಂತ ಎಲ್ಲರೂ ಎಳೆದರು. ಬಂದಳು, ಮುಖ ತಿರುಗಿಸಿಕೊಂಡು. ಸಂಜೆಯೊಳಗೆ ಆ ಫೋಟೊ ಮೂರು ವಾಟ್ಸಾಪ್ ಗ್ರೂಪಿನಲ್ಲಿತ್ತು. ಜರ್ಮನಿಯಲ್ಲಿ ಫೋಟೊಗೆ ಮುಂಚೆ "ಬೇಡ ಅನ್ನುವವರು ಈಚೆ ಬನ್ನಿ" ಅನ್ನುತ್ತಾರೆ, ಇಬ್ಬರು ಮೂವರು ಬರುತ್ತಾರೆ, ಯಾಕೆ ಅಂತ ಯಾರೂ ಕೇಳಲ್ಲ. ಫೋಟೊ ಯಾರಿಗೆ ಬೇಡ ಅಂತ ನಾನೂ ಅವತ್ತು ಮೊದಲೇ ಕೇಳಬೇಕಿತ್ತು. ಟೈಮಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವನಿಗೆ ಇದು ಹೊಳೆಯಲೇ ಇಲ್ಲ.

ಮುಂದಿನ ಸಲ ಫೋಟೊ ಕ್ಯಾತ್ಸಂದ್ರದಲ್ಲೇ, ಹೋಟೆಲ್ ಹೊರಗೆ, ಇಡ್ಲಿ ಬರೋಕೆ ಮುಂಚೆ. ಬೇಡ ಅನ್ನುವವರು ಒಳಗೆ ಕೂತು ತಿನ್ನೋಕೆ ಶುರು ಮಾಡಲಿ.